ಒಲೆ ಹಚ್ಚದ ದಿನದ ಮೆಂತ್ಯ

ಅಡುಗೆಮನೆಯಲ್ಲಿ ಮೆಂತ್ಯ ಹುರಿಯುತ್ತಿದ್ದಾರೆ. ಇವತ್ತಿನವರೆಗೆ ಈ ಮನೆಯಲ್ಲಿ ಅದಕ್ಕೆ ಅಪ್ಪಣೆ ಇರಲಿಲ್ಲ. ಅಪ್ಪಣೆ ಕೊಡದೆ ಕೂತವಳು ನಾನೇ. ಮೊಮ್ಮಗಳು ಹೆತ್ತು ಆಸ್ಪತ್ರೆಯಿಂದ ಬಂದ ದಿನದಿಂದ, ಬಾಣಂತಿ ಕೋಣೆಯ ಹತ್ತಿರ ಮೆಂತ್ಯದ ಒಂದು ಕಾಳೂ ಸುಳಿಯಕೂಡದು ಎಂದು ಹಟ ಹಿಡಿದಿದ್ದೆ. ನನ್ನ ಮಗಳು ಮೊದಮೊದಲು ನಕ್ಕಳು, ಆಮೇಲೆ ಸಿಟ್ಟಾದಳು. ಮೆಂತ್ಯವಿಲ್ಲದ ಬಾಣಂತನ ಎಲ್ಲಾದರೂ ಉಂಟೆ? ಸೊಂಟಕ್ಕೆ ಬಲ ಎಲ್ಲಿಂದ ಬರಬೇಕು, ಎದೆಹಾಲು ಎಲ್ಲಿಂದ ಇಳಿಯಬೇಕು? ಅರವತ್ತಕ್ಕೆ ಅರಳುಮರಳು ಅಂತಾರೆ, ನಮ್ಮಮ್ಮನಿಗೆ ಸ್ವಲ್ಪ ತಡವಾಗಿ ಬಂದಿದೆ ಎಂದು ಅವಳು ಫೋನಿನಲ್ಲಿ ಯಾರಿಗೋ ಹೇಳಿದ್ದು ನನ್ನ ಕಿವಿಗೆ ಬಿತ್ತು. ನನ್ನ ಕಿವಿ ಇನ್ನೂ ಚೆನ್ನಾಗಿದೆ. ಮೂಗು ಅದಕ್ಕಿಂತಲೂ ಚೆನ್ನಾಗಿದೆ.

ನಿನ್ನೆ ಮಗುವಿಗೆ ಹೆಸರಿಟ್ಟಾಯಿತು. ಮೊಮ್ಮಗಳು ಎದ್ದು ಓಡಾಡುತ್ತಿದ್ದಾಳೆ, ಗಂಡನ ಮೇಲೆ ರೇಗುತ್ತಿದ್ದಾಳೆ, ಅಂದರೆ ಚೆನ್ನಾಗಿದ್ದಾಳೆ. ಸರಿ, ಇನ್ನು ಹುರಿದುಕೊಳ್ಳಿ ಎಂದೆ. ಬಾಣಲೆಯಲ್ಲಿ ಮೆಂತ್ಯ ಕೆಂಪಗಾಗುವಾಗ ಮೊದಲು ಕಹಿ ವಾಸನೆ ಬರುತ್ತದೆ. ಸ್ವಲ್ಪ ಹೊತ್ತಿಗೆ ಅದರ ಒಳಗಿಂದ ಸುಟ್ಟ ಬೆಲ್ಲದಂಥ ಒಂದು ಸಿಹಿ ಏಳುತ್ತದೆ. ಆ ಸಿಹಿ ನನ್ನ ಮಂಚದವರೆಗೂ ಬಂತು. ಕಣ್ಣು ಮುಚ್ಚಿಕೊಂಡೆ. ಎಷ್ಟು ವರ್ಷವಾಯಿತು... ಅಕ್ಕನ ತಲೆಯಿಂದ ಬರುತ್ತಿದ್ದದ್ದು ಇದೇ ವಾಸನೆ.

ಅಕ್ಕ ಎಂದರೆ ನನ್ನ ಒಡಹುಟ್ಟಿದವಳಲ್ಲ. ಬಸವನಗುಡಿಯಿಂದ ಎನ್.ಆರ್. ಕಾಲೋನಿಗೆ ಹೋಗುವ ದಾರಿಯಲ್ಲಿ ಒಂದು ವಠಾರವಿತ್ತು. ಅಲ್ಲಿ ನಮ್ಮ ಮನೆಯ ಗೋಡೆಗೆ ಗೋಡೆ ಸೇರಿಸಿಕೊಂಡಿದ್ದ ಪಕ್ಕದ ಮನೆಯ ಹುಡುಗಿ ಅವಳು. ನನಗಿಂತ ಆರೇಳು ವರ್ಷ ದೊಡ್ಡವಳು. ಯುದ್ಧದ ಕಾಲ, ಸಕ್ಕರೆ ರೇಷನ್ನಿನಲ್ಲಿ ಸಿಗುತ್ತಿತ್ತು. ಅಕ್ಕನ ಅಪ್ಪ ತರಗುಪೇಟೆಯ ಒಂದು ಮಂಡಿಯಲ್ಲಿ ಗುಮಾಸ್ತರಾಗಿದ್ದುದರಿಂದ ಅವರ ಮನೆಯಲ್ಲಿ ಬೇಳೆಗೂ ಬೆಲ್ಲಕ್ಕೂ ಬರವಿರಲಿಲ್ಲ. ಅಪ್ಪ ಕಟ್ಟುನಿಟ್ಟಿನ ಮನುಷ್ಯ, ಅಮ್ಮ ಬಾಯಿ ಸತ್ತ ಹೆಂಗಸು. ಮನೆ ನಡೆಸುತ್ತಿದ್ದವಳು ಅಪ್ಪನ ತಾಯಿ, ಅಂದರೆ ಅಕ್ಕನ ಅಜ್ಜಿ. ಕೆಂಪು ಸೀರೆಯ ಮಡಿ ಅಜ್ಜಿ. ಆಕೆ ಅಂಗಳಕ್ಕೆ ಬಂದರೆ ಮಕ್ಕಳೆಲ್ಲ ಗೋಡೆಗೆ ಅಂಟಿಕೊಂಡು ನಿಲ್ಲುತ್ತಿದ್ದೆವು, ಮುಟ್ಟಿದರೆ ಆಕೆ ಮತ್ತೆ ಸ್ನಾನ ಮಾಡಬೇಕಲ್ಲ.

ಅಕ್ಕನ ಅಪ್ಪ ಮದುವೆಯಾಗಿದ್ದದ್ದು ತನ್ನ ಸ್ವಂತ ಅಕ್ಕನ ಮಗಳನ್ನು. ಆ ಕಾಲದಲ್ಲಿ ಅದೇನೂ ವಿಶೇಷವಲ್ಲ, ಸೋದರಮಾವ ಇರುವಾಗ ಹೊರಗೆ ಗಂಡು ಹುಡುಕುವುದೇ ವಿಶೇಷ. ಹೀಗಾಗಿ ಆ ಅಜ್ಜಿ ಅಕ್ಕನಿಗೆ ಒಂದು ಕಡೆಯಿಂದ ಅಜ್ಜಿ, ಇನ್ನೊಂದು ಕಡೆಯಿಂದ ಮುತ್ತಜ್ಜಿ. ಅವರ ಮನೆಯ ನೆಂಟಸ್ತಿಕೆ ಬಿಡಿಸುವುದೆಂದರೆ ಎಣ್ಣೆ ಕಾಣದ ಜಡೆಯ ಸಿಕ್ಕು ಬಿಡಿಸಿದ ಹಾಗೆ ಎಂದು ನಮ್ಮಮ್ಮ ನಗುತ್ತಿದ್ದಳು. ನಾವೂ ನಗುತ್ತಿದ್ದೆವು. ಆ ಸಿಕ್ಕಿನೊಳಗೆ ಏನು ಕೂತಿದೆಯೆಂದು ಯಾರಿಗೂ ಗೊತ್ತಿರಲಿಲ್ಲ.

ಅಕ್ಕ ನನಗೆ ಕಲಿಸಿದ್ದು ಚೌಕಾಬಾರ. ಅವರ ಮನೆಯ ಜಗಲಿಯ ಕಲ್ಲಿನ ಮೇಲೆ ಮನೆಗಳನ್ನು ಯಾರೋ ಉಳಿಯಿಂದಲೇ ಕೊರೆದಿಟ್ಟಿದ್ದರು. ಕವಡೆ ಹಾಕುವುದು, ಒಡೆದ ಬಳೆಚೂರು ನಮ್ಮ ಕಾಯಿ, ಬಲಗಡೆಗೆ ಹೊರಟು ಸುತ್ತು ಹಾಕಿ, ಎದುರಾಳಿಯ ಕಾಯಿ ಕಡಿದು, ಒಳಸುತ್ತಿಗೆ ಇಳಿದು, ನಡುಮನೆ ಸೇರಿದರೆ ಕಾಯಿ ಹಣ್ಣಾಯಿತು. ಅಕ್ಕ ಆಡಲು ಕೂತರೆ ವಠಾರದ ಗಂಡಸರೂ ಬಂದು ನೋಡುತ್ತಿದ್ದರು. ನಾವು ನಮ್ಮ ಮುಂದಿನ ಒಂದು ಮನೆ ನೋಡುವಾಗ ಅವಳು ಎಲ್ಲರ ಎಲ್ಲ ಕಾಯಿಗಳನ್ನೂ ನೋಡಿರುತ್ತಿದ್ದಳು. "ಆ ಕಾಯಿ ಮುಟ್ಬೇಡ ಕಣೇ, ನಾಳೆ ಕಣ್ಣೀರು ಹಾಕ್ತೀಯ" ಎಂದು ನನ್ನ ಪರವಾಗಿ ತನ್ನ ವಿರುದ್ಧವೇ ಉಪಾಯ ಹೇಳಿಕೊಡುತ್ತಿದ್ದಳು. ಅಷ್ಟು ಚುರುಕು, ಅಷ್ಟು ಒಳ್ಳೆಯವಳು.

ಆದರೆ ಕೆಲವು ದಿನ ಅವಳು ಅವಳಾಗಿರುತ್ತಿರಲಿಲ್ಲ. ಬಲಕ್ಕೆ ಹೋಗಬೇಕಾದ ಕಾಯಿಯನ್ನು ಎಡಕ್ಕೆ ನಡೆಸುವಳು. ಕವಡೆ ಎಷ್ಟು ಬಿತ್ತು ಎಂದು ನೋಡಿಯೂ ಹೇಳಲಾಗದೆ ನನ್ನ ಮುಖ ನೋಡುವಳು. ನಡೆದರೆ ಕಾಲು ತೊಡರುವುದು, ಮಾತಾಡಿದರೆ ನಾಲಗೆ ಎಳೆಯುವುದು. ಎರಡು ದಿನ ಮಂಕಾಗಿ ಮಲಗಿ, ಆಮೇಲೆ ಏನೂ ಆಗದವಳಂತೆ ಎದ್ದು ಬಂದು ಮತ್ತೆ ನನ್ನನ್ನು ಸೋಲಿಸುವಳು. ಎಂಟು ತುಂಬುವವರೆಗೆ ಆ ಮಗುವಿಗೆ ಇಂಥದ್ದೇನೂ ಇರಲಿಲ್ಲವಂತೆ. ಮನೆಯವರು ದೃಷ್ಟಿ ತೆಗೆದರು, ತಾಯಿತ ಕಟ್ಟಿಸಿದರು.

ಎಂಟು ತುಂಬಿದ ಮೇಲೆ ಏನು ಬದಲಾಯಿತು ಎಂದು ಯಾರೂ ಕೇಳಿಕೊಳ್ಳಲಿಲ್ಲ. ಬದಲಾದದ್ದು ಏಕಾದಶಿ. ಎಂಟರಿಂದ ಎಂಬತ್ತರವರೆಗೆ ಎಲ್ಲರಿಗೂ ಉಪವಾಸ ಎಂಬುದು ಅವರ ಮನೆಯ ಕಟ್ಟು. ಮಾಧ್ವರಲ್ಲಿಯೂ ಅವರು ಬಲು ನಿಷ್ಠರು. ಅವತ್ತು ಒಲೆಯನ್ನೇ ಹಚ್ಚುತ್ತಿರಲಿಲ್ಲ. ಬೆಳಿಗ್ಗೆ ಒಂದು ಉದ್ಧರಣೆ ತೀರ್ಥ, ಅಷ್ಟೇ. ಮಾರನೆಯ ದಿನ ದ್ವಾದಶಿಯ ಪಾರಣೆಗೆ ಹೆಸರುಬೇಳೆ ಪಾಯಸ, ಅಗಸೆ ಸೊಪ್ಪಿನ ಪಲ್ಯ, ಹಾಲು, ಮೊಸರು. ನಮ್ಮದು ಸ್ಮಾರ್ತರ ಮನೆ, ನಮ್ಮ ಏಕಾದಶಿಯೆಂದರೆ ಅವಲಕ್ಕಿ, ಉಪ್ಪಿಟ್ಟು, ಹಣ್ಣು ಎಂದು ಮಾಮೂಲಿಗಿಂತ ಎರಡು ತುತ್ತು ಹೆಚ್ಚು ತಿನ್ನುವ ದಿನ. ಗೋಡೆಯ ಆಚೆ ಅಕ್ಕ ಹಸಿದು ಮಲಗಿರುತ್ತಿದ್ದಳು.

ಮಂಕು ಹೆಚ್ಚಾದಂತೆ ಅವಳ ಅಪ್ಪ ಉಪವಾಸವನ್ನೂ ಹೆಚ್ಚಿಸಿದರು. ಲಂಘನಂ ಪರಮೌಷಧಂ ಎಂದು ಅವರ ನಂಬಿಕೆ, ಹೊಟ್ಟೆ ಖಾಲಿಯಾದರೆ ತಲೆ ತಿಳಿಯಾಗುತ್ತದೆ ಎಂದು. ಶ್ರಾವಣದ ಶನಿವಾರಗಳೂ ಸೇರಿದವು. ಉಪವಾಸ ಬಿಡಿಸುವಾಗ ಪುಷ್ಟಿಯಾಗಲೆಂದು ಅಜ್ಜಿ ಗಟ್ಟಿ ತೊವ್ವೆ ಕಲಸಿ ಬಾಯಿಗೆ ತುರುಕುತ್ತಿದ್ದಳು. ಬೇಳೆ ಕಂಡರೆ ಅಕ್ಕನಿಗೆ ವಾಕರಿಕೆ. ಅದನ್ನೂ ಹಟ ಎಂದರು. ನಿಷ್ಠೆಯೂ ಪ್ರೀತಿಯೂ ಸೇರಿ ಆ ಹುಡುಗಿಯನ್ನು ಎರಡು ಕಡೆಯಿಂದ ಹಿಂಡುತ್ತಿದ್ದವು.

ಅವಳಿಗೆ ಮಾತ್ರ ಗೊತ್ತಿತ್ತು. "ಮಂಜು ಬರತ್ತೆ" ಎನ್ನುತ್ತಿದ್ದಳು. ಮಾರ್ಗಶಿರದ ಬೆಳಗಿನಲ್ಲಿ ನಮ್ಮ ರಸ್ತೆಯ ಮರಗಳು ಮುಚ್ಚಿಹೋಗುತ್ತಿದ್ದವಲ್ಲ, ಹಾಗೆ ತಲೆಯೊಳಗೆ ಒಂದೊಂದೇ ಮುಚ್ಚಿಹೋಗುತ್ತದಂತೆ, ಮರ ಅಲ್ಲೇ ಇದೆ ಎಂದು ಗೊತ್ತಿದ್ದೂ ಕಾಣುವುದಿಲ್ಲವಂತೆ. "ಹಸಿದ್ರೆ ಮಂಜು ಬರತ್ತೆ ಅಂತ ಹೇಳಿದ್ರೆ, ಉಪವಾಸ ತಪ್ಪಿಸ್ಕೊಳ್ಳೋಕೆ ಸುಳ್ಳು ಹೇಳ್ತೀಯ ಅಂತಾರೆ ಕಣೇ" ಎಂದು ನನ್ನ ಮುಂದೆ ಒಮ್ಮೆ ಅತ್ತಳು. ತಲೆ ಸರಿಯಿಲ್ಲ ಎನಿಸಿಕೊಂಡವಳು ತನ್ನ ತಲೆಯ ವಿಷಯ ಹೇಳಿದರೆ ನಂಬುವವರು ಯಾರು? ಆ ವರ್ಷ ಪರೀಕ್ಷೆಯ ದಿನ ದ್ವಾದಶಿ ಬಿದ್ದು, ಅವಳು ಕಾಗದದ ಮೇಲೆ ಏನೂ ಬರೆಯದೆ ಎದ್ದು ಬಂದಿದ್ದಳು. ಇನ್ನು ಸ್ಕೂಲು ಬಿಡಿಸಿ, ದೂರದ ಯಾವುದೋ ಕ್ಷೇತ್ರದಲ್ಲಿ ಒಂದು ಮಂಡಲ ಸೇವೆಗೆ ಇಡುವುದೆಂದು ಅಪ್ಪ ತೀರ್ಮಾನಿಸಿದ್ದರು. ಸೇವೆಯೆಂದರೆ ದಿನಕ್ಕೆ ಒಂದೇ ಹೊತ್ತು ಊಟ. ಅಲ್ಲಿಗೆ ಹೋಗಿದ್ದರೆ ಅಕ್ಕ ತಿರುಗಿ ಬರುತ್ತಿರಲಿಲ್ಲ ಎಂದು ಈಗ ನನಗೆ ನಿಶ್ಚಯವಾಗಿ ಗೊತ್ತು.

ಹೊರಡುವುದಕ್ಕೆ ಮುಂಚಿನ ಏಕಾದಶಿ. ಮಧ್ಯಾಹ್ನ ನಾನು ಕವಡೆ ಹಿಡಿದು ಹೋದರೆ ಅಕ್ಕ ತುಳಸಿಕಟ್ಟೆಗೆ ಒರಗಿ ಕೂತಿದ್ದಳು, ಕಣ್ಣು ಅರೆ ಮುಚ್ಚಿತ್ತು. ಕರೆದರೆ ಓಗೊಡಲಿಲ್ಲ. ನಾನು ಕೂಗಿಕೊಂಡೆ. ಅಜ್ಜಿ ಬೈಯುತ್ತಲೇ ಬಂದಳು, ಮಡಿಯನ್ನೂ ನೋಡದೆ ಬಗ್ಗಿ ಅವಳ ತೋಳು ಹಿಡಿದು ಎಬ್ಬಿಸಲು ಹೋದವಳು ಹಾಗೆಯೇ ನಿಂತುಬಿಟ್ಟಳು. ಅಕ್ಕನ ನೆತ್ತಿಗೆ ಮೂಗು ತಂದಳು. ಮತ್ತೊಮ್ಮೆ ಮೂಸಿದಳು.

"ಮೆಂತ್ಯದ ವಾಸ್ನೆ" ಎಂದಳು. "ಇವತ್ತು ಒಲೇನೇ ಹಚ್ಚಿಲ್ವಲ್ಲೇ. ಯಾರು ಮೆಂತ್ಯ ಹುರಿದೋರು?"

ಅನುಮಾನ ಬಂದದ್ದು ನಮ್ಮ ಮನೆಯ ಮೇಲೆ. ಎಂದೂ ನಮ್ಮ ಹೊಸ್ತಿಲು ತುಳಿಯದ ಅಜ್ಜಿ ನಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ಗಾಳಿ ಮೂಸಿದಳು. ನಮ್ಮಮ್ಮ ಗಾಬರಿಯಿಂದ, "ಇಲ್ಲ ಅಜ್ಜಿ, ಅವಲಕ್ಕಿಗೆ ಒಗ್ಗರಣೆ ಹಾಕಿದೀನಿ ಅಷ್ಟೇ, ಸಾಸಿವೆ, ಮೆಣಸಿನಕಾಯಿ" ಎಂದಳು. ಅಜ್ಜಿ ಹಿಂದಿರುಗಿ ತುಳಸಿಕಟ್ಟೆಯ ಪಕ್ಕ ಕೂತುಬಿಟ್ಟಳು. ಅಕ್ಕನಿಗೆ ಒಬ್ಬ ತಮ್ಮನಿದ್ದನಂತೆ, ನಾವು ಆ ವಠಾರಕ್ಕೆ ಬರುವ ಮುಂಚೆ ದಡಾರ ಬಂದು, ಜ್ವರದಲ್ಲಿ ಏನೂ ತಿನ್ನದೆ ಮಲಗಿದ್ದಲ್ಲೇ ಹೋದನಂತೆ. "ಆ ಮಗೂನೂ ಹೋಗೋ ಮುಂಚೆ ಹೀಗೇ ನಾರ್ತಿತ್ತು... ಯಾರೋ ಮೆಂತ್ಯದ ಪಟ್ಟು ಹಾಕಿದಾರೆ ಅಂದ್ಕೊಂಡೆ" ಎಂದು ಅಜ್ಜಿ ಯಾರಿಗೂ ಅಲ್ಲದಂತೆ ಹೇಳಿದಳು. ಆಮೇಲೆ, ಇಷ್ಟು ವರ್ಷದಲ್ಲಿ ಆ ಮನೆಯಲ್ಲಿ ಯಾರೂ ಮಾಡದ ಕೆಲಸವೊಂದನ್ನು ಮಾಡಿದಳು. ಅಕ್ಕನನ್ನೇ ಕೇಳಿದಳು.

"ನಿಂಗೆ ಏನಾಗತ್ತೆ, ನೀನೇ ಹೇಳೇ ಮಗು."

ಅಕ್ಕ ಬಹಳ ಹೊತ್ತು ಮಾತು ಹುಡುಕಿದಳು. "ಮಂಜು ಬರತ್ತೆ ಅಜ್ಜಿ. ಹಸಿದಾಗ. ಬೇಳೆ ತಿಂದಾಗ... ಎಷ್ಟ್ ಸಲ ಹೇಳಿದೆ."

ಅಜ್ಜಿ ಎದ್ದು ಬಚ್ಚಲಿಗೆ ಹೋಗಿ ತಣ್ಣೀರು ಸುರಿದುಕೊಂಡು ಬಂದಳು. ಆಕೆಯದೇ ಆದ ಒಂದು ಪುಟ್ಟ ಬಾಲಕೃಷ್ಣನ ವಿಗ್ರಹವಿತ್ತು. ಅದನ್ನು ತಟ್ಟೆಯಲ್ಲಿಟ್ಟು, ಒಂದು ಉಂಡೆ ಬೆಲ್ಲವನ್ನು ಚೆಂಬಿನ ನೀರಿನಲ್ಲಿ ಕಿವುಚಿ, ಆ ಬೆಲ್ಲದ ನೀರಿನಲ್ಲಿ ಕೃಷ್ಣನಿಗೆ ಅಭಿಷೇಕ ಮಾಡಿದಳು. ಏಕಾದಶಿಯ ದಿನ ಬೆಲ್ಲದಲ್ಲಿ ಮಿಂದ ದೇವರು ಬೆಂಗಳೂರಿನಲ್ಲೆಲ್ಲ ಅವನೊಬ್ಬನೇ ಇದ್ದಿರಬೇಕು. ತಟ್ಟೆಯ ನೀರನ್ನು ಮತ್ತೆ ಚೆಂಬಿಗೆ ಬಗ್ಗಿಸಿಕೊಂಡು ಬಂದು, ಅಕ್ಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಗುಟುಕು ಗುಟುಕಾಗಿ ಕುಡಿಸಿದಳು. ಸಂಜೆಯ ಹೊತ್ತಿಗೆ ಅಕ್ಕ ಎದ್ದು ಕೂತಳು. ನನ್ನನ್ನು ನೋಡಿ, "ಕವಡೆ ತಂದಿದೀಯಾ?" ಎಂದಳು. ನನಗೆ ಅಳು ಬಂತು.

ಅವಳ ಅಪ್ಪ ಮಂಡಿಯಿಂದ ಬಂದು ಚೆಂಬು ನೋಡಿ ಕೆಂಡವಾದರು. ಏಕಾದಶಿಯ ದಿನ ಪಾನಕವೇ? ಧರ್ಮವೇನಾಯಿತು? ಅಜ್ಜಿ ನಿಂತಲ್ಲಿಂದ ಅಲುಗಲಿಲ್ಲ. "ಪಾನಕ ಅಂದೋರು ಯಾರು? ಅಭಿಷೇಕದ ನೀರು, ತೀರ್ಥ. ಏಕಾದಶಿ ದಿನ ತೀರ್ಥ ಒಂದೇ ಸಲ ತಗೋಬೇಕು ಅಂತ ಇದೆ. ಬೆಳಿಗ್ಗೆ ಇವಳು ತಗೊಂಡಿರ್ಲಿಲ್ಲ, ಈಗ ಒಂದೇ ಸಲ ಕೊಟ್ಟಿದೀನಿ. ಒಂದು ಉದ್ಧರಣೆನೋ ಒಂದು ಚೆಂಬೋ ಅಂತ ಯಾವ ಶಾಸ್ತ್ರದಲ್ಲಿದೆ, ತೋರ್ಸು." ಆಮೇಲೆ ಆಕೆ ಮೆಲ್ಲಗೆ ಸೇರಿಸಿದಳು, "ಪಾಪ ಬಂದ್ರೆ ನಂಗೆ ಬರ್ಲಿ ಬಿಡೋ. ನಾನೇನು ಇನ್ನೂ ಬಹಳ ದಿನ ಹೊರ್ಬೇಕಾ?"

ಕ್ಷೇತ್ರದ ಪ್ರಯಾಣ ನಿಂತಿತು. ಅಲ್ಲಿಂದ ಮುಂದೆ ಅಜ್ಜಿಗೆ ಒಂದು ಅಭ್ಯಾಸ. ಬೆಳಿಗ್ಗೆ ಮಡಿ ಉಡುವ ಮುಂಚೆ ಅಕ್ಕನ ಹಾಸಿಗೆಯ ಬಳಿ ಹೋಗಿ ನೆತ್ತಿ ಮೂಸುವುದು. ವಾಸನೆ ಇಲ್ಲದಿದ್ದರೆ ಸ್ಕೂಲು. ಸ್ವಲ್ಪ ಸುಳಿವಿದ್ದರೂ ಅವತ್ತು ಬೇಳೆ ಇಲ್ಲ, ಹಾಲಿಲ್ಲ. ಅನ್ನ, ತಿಳಿಸಾರು, ಬಾಳೆಹಣ್ಣು, ಬೆಲ್ಲದ ನೀರು. ಅಕ್ಕ ಓದಿದಳು, ಪಾಸಾದಳು. ನೆಗಡಿ ಜ್ವರ ಬಂದಾಗ ಮಂಜು ಮತ್ತೆ ಬರುತ್ತಿತ್ತು, ಹೋಗುತ್ತಿತ್ತು. ಪ್ರತಿ ಸಲ ಹೋಗುವಾಗ ಒಂದು ಚೂರು ಏನನ್ನೋ ಒಯ್ಯುತ್ತಿತ್ತೇನೋ ಎಂದು ನನಗೆ ಈಗ ಅನಿಸುತ್ತದೆ. ದೊಡ್ಡವಳಾದಂತೆ ಬಾಯಿಲೆಕ್ಕ ತಡವಾಗುತ್ತಿತ್ತು, ಒಂದು ಕೆಲಸ ಮಾಡುವಾಗ ಇನ್ನೊಂದು ಹೇಳಿದರೆ ಎರಡೂ ಕಲಸಿಹೋಗುತ್ತಿದ್ದವು. ಆದರೂ ಚೌಕಾಬಾರದಲ್ಲಿ ಅವಳನ್ನು ಸೋಲಿಸಿದವರಿಲ್ಲ.

ಅಕ್ಕನನ್ನು ನೋಡಲು ಮಲ್ಲೇಶ್ವರದಿಂದ ಒಬ್ಬ ಹುಡುಗ ಬಂದ. ಸ್ಕೂಲು ಮೇಷ್ಟರು, ಉದ್ದ ಕತ್ತು, ಮಾತು ಕಡಿಮೆ. ನೆಂಟರಲ್ಲ, ಹೊಸ ಸಂಬಂಧ. ಕೇಸರಿಬಾತು ಮುಗಿದ ಮೇಲೆ ಅಜ್ಜಿ ಎಲ್ಲರೆದುರಿಗೆ ಅವನನ್ನು ಕೇಳಿದಳು, "ನೋಡಪ್ಪ, ಬಚ್ಚಿಟ್ಟು ಮದುವೆ ಮಾಡೋರಲ್ಲ ನಾವು. ನನ್ ಮೊಮ್ಮಗಳಿಗೆ ಉಪವಾಸ ಆಗೋದಿಲ್ಲ. ಏಕಾದಶಿ ಇಲ್ಲ. ಆಗತ್ತಾ ನಿಂಗೆ?" ಮನೆಯವರೆಲ್ಲ ತಲೆ ತಗ್ಗಿಸಿದರು. ಹುಡುಗ ತನ್ನ ತಾಯಿಯ ಕಡೆ ಒಮ್ಮೆ ನೋಡಿ, "ನಂಗೂ ಆಗೋದಿಲ್ಲ ಅಜ್ಜಿ. ಅಮ್ಮನಿಗೆ ಗೊತ್ತಿಲ್ಲ, ಏಕಾದಶಿ ದಿನ ಸ್ಕೂಲ್ ಹತ್ರ ಹೋಟ್ಲಲ್ಲಿ ದೋಸೆ ತಿಂತೀನಿ" ಎಂದ. ನಾನು ಬಾಗಿಲ ಹಿಂದೆ ಬಾಯಿಗೆ ಸೆರಗು ತುರುಕಿಕೊಂಡು ನಕ್ಕಿದ್ದು ನೆನಪಿದೆ. ಅಕ್ಕ ಅವತ್ತೇ ಅವನಿಗೆ ಸೋತಳು. ಜೀವನದಲ್ಲಿ ಅದೊಂದೇ ಸೋಲು ಎಂದು ನಾನು ಅವಳನ್ನು ರೇಗಿಸುತ್ತಿದ್ದೆ.

ಚೊಚ್ಚಲ ಹೆರಿಗೆಗೆ ಅಕ್ಕ ತವರಿಗೆ ಬಂದಳು. ಹೆಣ್ಣು ಮಗು, ಕಪ್ಪು ಗುಂಗುರು ಕೂದಲು. ಅಜ್ಜಿಗೆ ಹಿಗ್ಗೋ ಹಿಗ್ಗು. ಬಾಣಂತನ ಬೇರೆ ಯಾರಿಗೂ ಬಿಡಲಿಲ್ಲ. ವಠಾರದ ಎಷ್ಟೋ ಹೆಂಗಸರ ಬಾಣಂತನ ಮಾಡಿದ ಕೈ ಅದು, ಪಥ್ಯದ ವಿಷಯದಲ್ಲಿ ಆಕೆಯ ಮಾತಿಗೆ ಎದುರು ಮಾತಿಲ್ಲ. ಮೊದಲ ದಿನಗಳಲ್ಲಿ ಬಾಣಂತಿಗೆ ಅರೆಹೊಟ್ಟೆ, ನೀರು ಕೂಡ ಗಂಟಲು ನೆನೆಯುವಷ್ಟು. ಬಾಳೆಹಣ್ಣು ಶೀತ, ಪಾನಕ ಶೀತ, ಕೋಣೆಗೆ ತರಕೂಡದು. ಆಮೇಲೆ ಪುಷ್ಟಿಗೆ ಹಾಲು, ತೊವ್ವೆ. ಮತ್ತು ಮೆಂತ್ಯ. ಬೆಳಿಗ್ಗೆ ಮೆಂತ್ಯದ ಹಿಟ್ಟು, ಸಂಜೆ ಮೆಂತ್ಯದ ಗಂಜಿ. ಕಿಟಕಿ ಮುಚ್ಚಿದ ಆ ಕೋಣೆಯಲ್ಲಿ ಗೋಡೆ, ಹಾಸಿಗೆ, ಕಂಬಳಿ, ತೊಟ್ಟಿಲು ಎಲ್ಲ ಮೆಂತ್ಯ ನಾರುತ್ತಿದ್ದವು.

ಅಜ್ಜಿ ದಿನವೂ ಮೂಸಿದಳು. ಆ ಅಭ್ಯಾಸ ಬಿಟ್ಟಿರಲಿಲ್ಲ. ನೆತ್ತಿಯಲ್ಲಿ ಮೆಂತ್ಯದ ವಾಸನೆ ಬಂತು, ಬರಲೇಬೇಕಲ್ಲ, ತಾನೇ ತಿನ್ನಿಸುತ್ತಿದ್ದಳಲ್ಲ. ಅಕ್ಕ ಒಮ್ಮೆ, "ಅಜ್ಜಿ, ಮಂಜು..." ಎಂದಳಂತೆ. "ಬಾಣಂತಿ ನಿದ್ದೆ ಕಣೇ ಅದು, ಮಲ್ಕೋ" ಎಂದಳಂತೆ ಅಜ್ಜಿ. ದೇವರ ಕಟ್ಟಳೆಯನ್ನು ಮೊಮ್ಮಗಳಿಗಾಗಿ ಬಗ್ಗಿಸಿದವಳು ತನ್ನ ಪಥ್ಯವನ್ನು ಬಗ್ಗಿಸಲಿಲ್ಲ. ಏಕಾದಶಿ ಬೇರೆ, ಬಾಣಂತನ ಬೇರೆ ಎಂದು ಆಕೆ ತಿಳಿದಿದ್ದಳು. ಅಕ್ಕನ ಮೈಗೆ ಎರಡೂ ಒಂದೇ ಆಗಿತ್ತು.

ಪುರುಡು ಕಳೆದ ಮೇಲೆ ನನ್ನನ್ನು ಕೋಣೆಯೊಳಕ್ಕೆ ಬಿಟ್ಟರು. ನನಗೆ ಆಗ ಹದಿನಾರೋ ಹದಿನೇಳೋ. ಅಕ್ಕನಿಗೆ ಬೇಜಾರಾಗಬಾರದೆಂದು ಹಲಗೆಯ ಮೇಲೆ ಸೀಮೆಸುಣ್ಣದಿಂದ ಮನೆ ಬರೆದು, ಕವಡೆ ತಂದಿದ್ದೆ. ಅಕ್ಕ ನಕ್ಕಳು. ಕವಡೆ ಹಾಕಿದಳು. ಕಾಯಿಯನ್ನು ಎತ್ತಿ, ಬಹಳ ಯೋಚಿಸಿ, ಎಡಕ್ಕೆ ಇಟ್ಟಳು. ನಾನು ತಿದ್ದಿದೆ. ಮತ್ತೆ ಎಡಕ್ಕೆ ಇಟ್ಟಳು.

"ಅಜ್ಜಿ, ಅಕ್ಕ ಕಾಯಿ ಹಿಂದಕ್ಕೆ ನಡೆಸ್ತಿದಾಳೆ" ಎಂದು ಕೂಗಿದೆ.

ಅಜ್ಜಿಯ ಕೈಯಲ್ಲಿ ಮೆಂತ್ಯದ ಗಂಜಿಯ ಬಟ್ಟಲಿತ್ತು. ಆಕೆ ಒಮ್ಮೆ ಬಟ್ಟಲು ನೋಡಿದಳು, ಒಮ್ಮೆ ಅಕ್ಕನನ್ನು ನೋಡಿದಳು. ಆ ಮುಖವನ್ನು ನಾನು ವರ್ಣಿಸಲಾರೆ. ಬಟ್ಟಲನ್ನು ಅಂಗಳಕ್ಕೆ ಎಸೆದು, ಬೆಲ್ಲ, ಬೆಲ್ಲ ಎಂದು ಓಡಿದಳು. ಆದರೆ ಅಷ್ಟರಲ್ಲಿ ಅಕ್ಕನಿಗೆ ನುಂಗಲು ಆಗುತ್ತಿರಲಿಲ್ಲ. ಜಟಕಾದಲ್ಲಿ ಆಸ್ಪತ್ರೆಗೆ ಒಯ್ದರು. ಅಲ್ಲಿ ರಕ್ತನಾಳಕ್ಕೆ ಸಕ್ಕರೆಯ ನೀರು ಏರಿಸಿದರು. ಮೈಯಲ್ಲಿ ಏನೋ ಜೀರ್ಣವಾಗದೆ ವಿಷವಾಗಿ ತಲೆಗೇರಿದೆ, ಅದಕ್ಕೆ ಹೆಸರು ನನಗೆ ಗೊತ್ತಿಲ್ಲ ತಾಯಿ ಎಂದು ವಯಸ್ಸಾದ ಡಾಕ್ಟರು ಪ್ರಾಮಾಣಿಕವಾಗಿ ಹೇಳಿದರಂತೆ.

ಅಕ್ಕ ಉಳಿದಳು. ಆದರೆ ಮಂಜು ಈ ಸಲ ಪೂರ್ತಿ ಹೋಗಲಿಲ್ಲ. ನಮ್ಮನ್ನೆಲ್ಲ ಗುರುತು ಹಿಡಿದಳು, ಮಗುವನ್ನು ಎತ್ತಿ ಎದೆಗೊತ್ತಿಕೊಂಡಳು, ಹಾಡು ಹೇಳಿದಳು. ಓದಲು ಹೋದರೆ ಸಾಲು ತಪ್ಪುತ್ತಿತ್ತು. ಸಾರಿಗೆ ಉಪ್ಪು ಹಾಕಿದ್ದು ಮರೆತು ಮತ್ತೆ ಹಾಕುತ್ತಿದ್ದಳು. ಎಲ್ಲರ ಎಲ್ಲ ಕಾಯಿಗಳನ್ನೂ ಒಟ್ಟಿಗೆ ನೋಡುತ್ತಿದ್ದ ಆ ಅಕ್ಕ ಎಲ್ಲಿಗೆ ಹೋದಳೋ...

ಅಜ್ಜಿ ಆಮೇಲೆ ಬದುಕಿರುವವರೆಗೆ ಮೆಂತ್ಯ ಮುಟ್ಟಲಿಲ್ಲ. ಹುಳಿಪುಡಿಗೆ ಇಲ್ಲ, ದೋಸೆಹಿಟ್ಟಿಗೆ ಇಲ್ಲ, ಉಪ್ಪಿನಕಾಯಿಗೂ ಇಲ್ಲ. ಅವರ ಮನೆಯ ಹುಳಿ ಸಪ್ಪೆಯಾಯಿತು, ಮನೆಯಲ್ಲಿ ಯಾರೂ ಒಂದು ಮಾತು ಆಡಲಿಲ್ಲ. ಆಕೆಯನ್ನು ನಾನು ದೂರುವುದಿಲ್ಲ. ಮೂಗಿನಿಂದ ಗುರುತು ಹಿಡಿದು ಕಾಪಾಡಿದವಳೂ ಅವಳೇ, ಆ ಮೂಗನ್ನು ಕಟ್ಟಿಹಾಕಿದವಳೂ ಅವಳೇ. ಅಷ್ಟು ಪ್ರೀತಿಸಿದವರು ತಪ್ಪುವಾಗಲೂ ಪ್ರೀತಿಯಿಂದಲೇ ತಪ್ಪುತ್ತಾರೆ.

ಮೇಷ್ಟರು ಬಂದರು. ಹೆಂಡತಿಯನ್ನು ತವರಿನಲ್ಲಿಯೇ ಬಿಡುತ್ತಾರೆಂದು ವಠಾರವೆಲ್ಲ ಕಾಯುತ್ತಿತ್ತು. ಅವರು ಅಜ್ಜಿಯ ಮುಂದೆ ಕೂತು, ಬೆಲ್ಲದ ನೀರಿನ ಹದ ಕೇಳಿಕೊಂಡರು, ನೆತ್ತಿ ಮೂಸುವುದು ಹೇಗೆಂದು ಕಲಿತರು, ಹೆಂಡತಿ ಮಗುವನ್ನು ಮಲ್ಲೇಶ್ವರಕ್ಕೆ ಕರೆದುಕೊಂಡು ಹೋದರು.

ಕೆಲವು ವರ್ಷಗಳ ಮೇಲೆ ನಾನು ಆ ಮನೆಗೆ ಹೋಗಿದ್ದೆ. ಮಧ್ಯಾಹ್ನ ಮೂವರೂ ಚೌಕಾಬಾರ ಆಡುತ್ತಿದ್ದರು. ಅಕ್ಕ ಕಾಯಿಯನ್ನು ಎಡಕ್ಕೆ ನಡೆಸಿದಳು. ಮೇಷ್ಟರ ಸರದಿ ಬಂತು, ಅವರೂ ಎಡಕ್ಕೆ ನಡೆಸಿದರು. ಮಗುವೂ ಎಡಕ್ಕೆ. ಆ ಮನೆಯಲ್ಲಿ ಆಟದ ದಾರಿಯೇ ಹಾಗಿತ್ತು. ಎಲ್ಲರೂ ಹಿಂದಕ್ಕೆ ನಡೆದ ಮೇಲೆ ಯಾರೂ ತಪ್ಪಿದಂತಾಗಲಿಲ್ಲ. ಅಕ್ಕ ಒಂದು ಕಾಯಿ ಹಣ್ಣು ಮಾಡಿ ನನ್ನ ಕಡೆ ನೋಡಿ ನಕ್ಕಳು. "ನೀನೂ ಆಡ್ತೀಯಾ? ಎಡಕ್ಕೆ ಹೋಗ್ಬೇಕು, ಗೊತ್ತಲ್ವಾ?" ಎಂದಳು. ಗೊತ್ತು ಅಕ್ಕ ಎಂದೆ. ಅವತ್ತು ನಾನು ಸೋತೆ, ನಿಜವಾಗಿಯೇ ಸೋತೆ.

ಅಕ್ಕನ ಮಗಳು ಸ್ಕೂಲಿಗೆ ಸೇರಿದ ವರ್ಷ ಊರಿಗೆಲ್ಲ ಒಂದು ಜ್ವರ ಬಂತು. ಎಲ್ಲರಿಗೂ ಬಂದು ಹೋಯಿತು. ಅಕ್ಕನನ್ನು ಕರೆದುಕೊಂಡು ಹೋಯಿತು. ಅಜ್ಜಿ ಅದನ್ನು ನೋಡಲು ಇರಲಿಲ್ಲ, ಅದೊಂದು ಪುಣ್ಯ.

ಮೊಮ್ಮಗಳ ಹೆರಿಗೆಯಾದಾಗ ಆಸ್ಪತ್ರೆಯಲ್ಲಿ ಮರಿಮಗುವಿನ ಹಿಮ್ಮಡಿ ಚುಚ್ಚಿ ಒಂದು ಹನಿ ರಕ್ತ ತೆಗೆದರು. ಏಕಮ್ಮಾ ಎಂದು ನಾನು ಜಗಳಕ್ಕೆ ಹೋದೆ. ಮಕ್ಕಳ ಡಾಕ್ಟರಮ್ಮ, ಚಿಕ್ಕ ಹುಡುಗಿ, ಪಕ್ಕದಲ್ಲಿ ಕೂತು ವಿವರಿಸಿದಳು. ಹುಟ್ಟಿನಿಂದಲೇ ಬರುವ ಕೆಲವು ಕಾಯಿಲೆಗಳಿಗೆ ಪರೀಕ್ಷೆಯಂತೆ. ನಾನು ಅಕ್ಕನ ಕಥೆ ಹೇಳಿದೆ. ಅವಳು ಕೇಳುತ್ತ ಕೇಳುತ್ತ ಪೆನ್ನು ಕೆಳಗಿಟ್ಟಳು. ಅವಳನ್ನು ನೋಡದೆ ಖಂಡಿತ ಹೇಳೋಕಾಗಲ್ಲ ಅಜ್ಜಿ, ಆದರೆ ಅಂಥದ್ದೊಂದು ಇದೆ ಎಂದಳು. ಬೇಳೆ, ಹಾಲಿನಲ್ಲಿರುವ ಒಂದು ಅಂಶ ಕೆಲವರಿಗೆ ಕರಗುವುದಿಲ್ಲ. ಉಪವಾಸ, ಜ್ವರ, ಹೆರಿಗೆಯಲ್ಲಿ ಮೈ ತನ್ನ ಮಾಂಸವನ್ನೇ ಕರಗಿಸಿಕೊಳ್ಳುವುದರಿಂದ ಅದೇ ವಿಷ ಏರುತ್ತದೆ. ತಂದೆ ತಾಯಿ ಇಬ್ಬರೂ ಗೊತ್ತಿಲ್ಲದೆ ಹೊತ್ತು ತಂದರೆ ಮಗುವಿಗೆ ಬರುತ್ತದೆ. ಸುಟ್ಟ ಸಕ್ಕರೆಯ ವಾಸನೆ ಎಂದು ಹೊರದೇಶದವರು ಅದನ್ನು ಗುರುತಿಸಿದರಂತೆ. ನಮ್ಮ ವಠಾರದ ಅಜ್ಜಿ ಆಗಲೇ ಗುರುತಿಸಿದ್ದಳು, ಹೆಸರಿಡುವುದೊಂದು ಬಾಕಿಯಿತ್ತು.

ನಮ್ಮದು ಅಕ್ಕನ ರಕ್ತವಲ್ಲ. ನನ್ನ ಮೊಮ್ಮಗಳಿಗೆ ಆ ಭಯವಿಲ್ಲ. ಗೊತ್ತಿದ್ದೂ ಇಷ್ಟು ದಿನ ಬೆಳಿಗ್ಗೆ ಎದ್ದು ಅವಳ ನೆತ್ತಿ ಮೂಸಿದೆ. "ಅಜ್ಜಿ, ಶಾಂಪೂ ಚೆನ್ನಾಗಿದ್ಯಾ?" ಎಂದು ಅವಳು ರೇಗಿಸಿದಳು. ಚೆನ್ನಾಗಿದೆ ಎಂದೆ.

ಈಗ ಹುರಿದ ಮೆಂತ್ಯ ಕುಟ್ಟುವ ಸದ್ದು ಬರುತ್ತಿದೆ. ಮೊಮ್ಮಗಳು ಮಗುವನ್ನು ಮಲಗಿಸಿ ನನ್ನ ಮಂಚದ ಮೇಲೆ ಬಂದು ಕೂತು, ಚೌಕಾಬಾರದ ಹಲಗೆ ಮುಂದಿಟ್ಟಳು. ಮನೆಗೆ ಬಂದ ದಿನದಿಂದ ನಾನೇ ಅವಳನ್ನು ದಿನವೂ ಆಡಿಸುತ್ತಿದ್ದೆ. ಕವಡೆ ನೋಡುವ ನೆಪದಲ್ಲಿ ಅವಳ ಕೈ ಯಾವ ಕಡೆ ಹೋಗುತ್ತದೆಂದು ನೋಡುತ್ತಿದ್ದೆ. ಅವಳು ಬಲಕ್ಕೆ ನಡೆಸಿದಳು. ನನ್ನ ಸರದಿ ಬಂತು. ನಾನು ನನ್ನ ಬಳೆಚೂರನ್ನು ಎತ್ತಿ ಎಡಕ್ಕೆ ಇಟ್ಟೆ.

"ಅಜ್ಜಿ, ಹಿಂದಕ್ಕೆ ಹೋಗ್ತಿದೀಯ!" ಎಂದಳು ಅವಳು. ಅವಳ ಮುಖದಲ್ಲಿ ನಿಜವಾದ ಗಾಬರಿಯಿತ್ತು. ನನ್ನ ವಯಸ್ಸು ನೋಡಿದರೆ ಅವಳಿಗೆ ಅಂಥ ಗಾಬರಿ ಸಹಜ.

"ಇಲ್ಲ ಕಂದ, ತಲೆ ಸರಿಯಾಗಿದೆ" ಎಂದೆ. "ಮಲ್ಲೇಶ್ವರದಲ್ಲಿ ಒಂದು ಮನೇಲಿ ಹೀಗೇ ಆಡ್ತಿದ್ರು. ಇದೊಂದು ಆಟ ಹೀಗೆ ಆಡೋಣ, ಬಾ."

ಅವಳು ಬಲಕ್ಕಿಟ್ಟಿದ್ದ ತನ್ನ ಕಾಯಿಯನ್ನು ಹಿಂದಕ್ಕೆ ತೆಗೆದು, ಎಡಕ್ಕೆ ಇಟ್ಟಳು.